ಎತ್ ಅಂದ್ರೆ ನಾಯಿ, ಎತ್ ಅಂದ್ರೆ ಮಾಂಸ: ತಾತಾರರು ಅಂದ್ರೆ ಯಾರು?

ನಮಸ್ಕಾರ. ತೆರೆ ಮೇಲೆ ಎರಡು ಪದ ಇದೆ ನೋಡಿ: ‘ಎತ್’, ‘ಇತ್’. ರಷ್ಯಾದ ವೋಲ್ಗಾ ನದಿ ದಡದ ಕಜಾನ್ ಊರಲ್ಲಿ ಇತ್ ಅಂದ್ರೆ ಮಾಂಸ, ಎತ್ ಅಂದ್ರೆ ನಾಯಿ. ಕಪ್ಪು ಸಮುದ್ರದ ಕಡೆ, ಕ್ರಿಮಿಯಾಕ್ಕೆ ಹೋದ್ರೆ ಪೂರ್ತಿ ಉಲ್ಟಾ. ಅಲ್ಲಿ ಎತ್ ಮಾಂಸ, ಇತ್ ನಾಯಿ. ಕ್ರಿಮಿಯಾದವರು ಕಜಾನಿನ ಮಟನ್ ಅಂಗಡಿಗೆ ಹೋಗಿ ತಮ್ಮ ಭಾಷೆಯಲ್ಲೇ ಮಾಂಸ ಕೇಳಿದ್ರೆ, ಅಂಗಡಿಯವನ ಕಿವಿಗೆ ಬೀಳೋದು ನಾಯಿ ಅನ್ನೋ ಪದ. ಹೊರಗಿನವರು ಮಾತ್ರ ಈ ಇಬ್ಬರಿಗೂ ಒಂದೇ ಹೆಸರಿಟ್ಟಿದ್ದಾರೆ: ತಾತಾರರು.

ಇದು ಉಚ್ಚಾರಣೆಯ ತಪ್ಪಲ್ಲ, ಒಂದು ನಿಯಮ. ವೋಲ್ಗಾ ಸೀಮೆಯ ತಾತಾರ್ ಭಾಷೆಯಲ್ಲಿ ಹಳೇ ತುರ್ಕಿಕ್ (ಟರ್ಕಿ ಭಾಷೆಯೂ ಸೇರಿರೋ ಭಾಷಾ ಕುಟುಂಬ) ಸ್ವರಗಳು ಜಾಗ ಬದಲಾಯಿಸಿಕೊಂಡಿವೆ. ಎ ಇದ್ದ ಕಡೆ ಇ ಬಂತು, ಇ ಇದ್ದ ಕಡೆ ಗಿಡ್ಡನೆಯ ಎ ಬಂತು. ಒ ಹೋಗಿ ಉ ಆಯ್ತು, ಉ ಹೋಗಿ ಗಿಡ್ಡನೆಯ ಒ ಆಯ್ತು. ದಾರಿಗೆ ಕ್ರಿಮಿಯಾದಲ್ಲಿ ‘ಯೊಲ್’ ಅಂತಾರೆ, ಕಜಾನಲ್ಲಿ ‘ಯುಲ್’. ಕೈಗೆ ಕ್ರಿಮಿಯಾದಲ್ಲಿ ‘ಕೊಲ್’, ಕಜಾನಲ್ಲಿ ‘ಕುಲ್’. ಕೊಲ್ ಅನ್ನೋ ಪದ ಕಜಾನಲ್ಲೂ ಉಂಟು, ಆದರೆ ಅಲ್ಲಿ ಅದಕ್ಕೆ ಗುಲಾಮ, ಸೇವಕ ಅನ್ನೋ ಅರ್ಥ. ಈ ಜೋಡಿ ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಹಾಗಾದ್ರೆ ತಾತಾರ್ ಅನ್ನೋ ಹೆಸರು ಎಲ್ಲಿಂದ ಬಂತು? ಮಂಗೋಲಿಯಾದ ಓರ್ಖಾನ್ ಕಣಿವೆಯಲ್ಲಿ ತುರ್ಕರು ನಿಲ್ಲಿಸಿದ ಕಲ್ಲಿನ ಶಾಸನಗಳಿವೆ. ಅದರಲ್ಲಿ ಒಂದು 732ನೇ ಇಸವಿಯದು, ರಾಜಕುಮಾರ ಕುಲ್ ತೆಗಿನ್ ನೆನಪಿಗೆ ಹಾಕಿಸಿದ್ದು. ‘ಒತುಜ್ ತಾತಾರ್’, ಅಂದ್ರೆ ಮೂವತ್ತು ತಾತಾರರು, ಅಂತ ಒಂದು ಬುಡಕಟ್ಟು ಒಕ್ಕೂಟದ ಹೆಸರು ಅದರಲ್ಲಿ ಬರುತ್ತೆ. ಇವರು ಪೂರ್ವ ಮಂಗೋಲಿಯಾದ ಹುಲ್ಲುಗಾವಲಿನವರು. ಚೆಂಗೀಸ್ ಖಾನನ ತಂದೆ ಯೆಸುಗೈಗೆ ವಿಷ ಹಾಕಿದವರು ಇವರೇ ಅಂತ ಮಂಗೋಲರು ನಂಬಿದ್ರು. 1202ರಲ್ಲಿ ಚೆಂಗೀಸ್ ಸೇಡು ತೀರಿಸಿಕೊಂಡ. ಬಂಡಿಯ ಕಡಾಣಿ ಇರುತ್ತಲ್ಲ, ಚಕ್ರ ಕಳಚಿ ಬೀಳದ ಹಾಗೆ ಅಚ್ಚಿನ ತುದಿಗೆ ಸಿಕ್ಕಿಸೋ ಗೂಟ, ಅದರ ಪಕ್ಕಕ್ಕೆ ಗಂಡಸರನ್ನ ನಿಲ್ಲಿಸಿ, ಅದಕ್ಕಿಂತ ಎತ್ತರ ಇದ್ದವರನ್ನೆಲ್ಲ ಕೊಲ್ಲಿಸಿದ ಅಂತ ಮಂಗೋಲರೇ ಬರೆದಿಟ್ಟಿದ್ದಾರೆ. ಉಳಿದವರು ಎಳೇ ಮಕ್ಕಳು ಮತ್ತು ಹೆಂಗಸರು.

ಆ ಬುಡಕಟ್ಟು ಅಲ್ಲಿಗೆ ಮುಗೀತು. ಹೆಸರು ಮುಗೀಲಿಲ್ಲ. ಚೀನಾದಿಂದ ಹಿಡಿದು ರಷ್ಯಾದ ತನಕ ಅಕ್ಕಪಕ್ಕದವರು ಮಂಗೋಲರನ್ನೇ ತಾತಾರರು ಅಂತ ಕರೆಯೋದಕ್ಕೆ ಶುರು ಮಾಡಿದ್ರು. ಯುರೋಪಿನವರು ಅದಕ್ಕೆ ಒಂದು ‘ರ್’ ಸೇರಿಸಿ ‘ಟಾರ್ಟರ್’ ಮಾಡಿದ್ರು. ಗ್ರೀಕ್ ಪುರಾಣದ ಪಾತಾಳಕ್ಕೆ ಟಾರ್ಟರಸ್ ಅಂತ ಹೆಸರು. ಇವರು ಅಲ್ಲಿಂದಲೇ ಎದ್ದು ಬಂದವರು ಅನ್ನೋ ಭಯ ಆ ಒಂದು ಅಕ್ಷರದಲ್ಲಿ ಕೂತಿದೆ. ಅದಕ್ಕೇ ನನ್ನ ಕೋರಿಕೆ: ಕನ್ನಡದಲ್ಲಿ ಬರೆಯುವಾಗ ಆ ‘ರ್’ ಬಿಟ್ಟು ‘ತಾತಾರ್’ ಅಂತಲೇ ಬರೀರಿ.

ಈಗ ವೋಲ್ಗಾ ಕಡೆ ಬರೋಣ. ಮಂಗೋಲರು ಕಾಲಿಡೋದಕ್ಕೆ ಮುನ್ನೂರು ವರ್ಷ ಮುಂಚೆಯೇ ಇಲ್ಲೊಂದು ರಾಜ್ಯ ಇತ್ತು, ವೋಲ್ಗಾ ಬಲ್ಗೇರಿಯಾ. 922ರ ಮೇ ತಿಂಗಳಲ್ಲಿ ಬಾಗ್ದಾದಿನ ಖಲೀಫನ ರಾಯಭಾರಿಗಳು ಇಲ್ಲಿಗೆ ಬಂದ್ರು. ಆ ತಂಡದಲ್ಲಿದ್ದ ಇಬ್ನ್ ಫದ್ಲಾನ್ ಕಂಡದ್ದನ್ನೆಲ್ಲ ಬರೆದಿಟ್ಟ. ಇಲ್ಲಿನ ದೊರೆ ಅಲ್ಮಿಶ್ ಖಲೀಫನ ಹೆಸರಲ್ಲಿ ಇಸ್ಲಾಮನ್ನ ಅಧಿಕೃತವಾಗಿ ಒಪ್ಪಿಕೊಂಡ. ಅಂದ್ರೆ, ತಾತಾರರನ್ನ ಮುಸ್ಲಿಮರನ್ನಾಗಿ ಮಾಡಿದ್ದು ಮಂಗೋಲರ ಸಾಮ್ರಾಜ್ಯ ಅನ್ನೋ ಮಾತು ವೋಲ್ಗಾ ಮಟ್ಟಿಗೆ ನಿಲ್ಲಲ್ಲ.

1236ರಲ್ಲಿ ಬಾತು ಖಾನನ ಮಂಗೋಲ್ ಸೈನ್ಯ ಈ ರಾಜ್ಯವನ್ನ ಕೆಡವಿತು. ಆಮೇಲೆ ಇದು ಗೋಲ್ಡನ್ ಹೋರ್ಡ್ ಅನ್ನೋ ದೊಡ್ಡ ಸಾಮ್ರಾಜ್ಯದ ಒಂದು ಭಾಗ ಆಯ್ತು. ಇಲ್ಲಿ ಬಹಳ ಜನ ಎಡವುತ್ತಾರೆ. ಬಂದ ಮಂಗೋಲರು ಕೈಬೆರಳೆಣಿಕೆಯಷ್ಟು, ಹುಲ್ಲುಗಾವಲಿನ ತುಂಬ ಇದ್ದವರು ಕಿಪ್ಚಾಕ್ ತುರ್ಕರು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಆಳುವವರೇ ಆಳಿಸಿಕೊಂಡವರ ಮಾತು ಕಲಿತ್ರು. 14ನೇ ಶತಮಾನದ ಮೊದಲರ್ಧದಲ್ಲಿ ಉಜ್ಬೆಕ್ ಖಾನ್ ಇಸ್ಲಾಮನ್ನ ಇಡೀ ಸಾಮ್ರಾಜ್ಯದ ಧರ್ಮ ಮಾಡಿದ. ಇವತ್ತಿನ ತಾತಾರರು ಮಂಗೋಲರ ಮಕ್ಕಳೋ ಬಲ್ಗಾರರ ಮಕ್ಕಳೋ ಅಂತ ಯಾರಾದ್ರೂ ಕೇಳಿದ್ರೆ, ಪ್ರಶ್ನೆ ಕೇಳಿದ ರೀತಿಯೇ ಸರಿಯಿಲ್ಲ ಅನ್ನಬೇಕು. ಭಾಷೆ ಕಿಪ್ಚಾಕರದ್ದು. ನೆಲ, ಬೇಸಾಯ, ಧರ್ಮ ಬಲ್ಗಾರರಿಂದ ಬಂದದ್ದು. ಹೆಸರು ಹೋರ್ಡ್ ಕಾಲದ್ದು. ಬಲ್ಗಾರರ ಹಳೇ ಭಾಷೆಗೆ ಈಗ ಉಳಿದಿರೋ ಹತ್ತಿರದ ನಂಟು ಪಕ್ಕದ ಚುವಾಶ್ ಭಾಷೆ, ತಾತಾರ್ ಅಲ್ಲ.

ಈ ವಾದದಲ್ಲಿ ಸರ್ಕಾರವೂ ಕೈ ಹಾಕಿದೆ. 1944ರ ಆಗಸ್ಟ್ 9ರಂದು ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಒಂದು ನಿರ್ಣಯ ಹೊರಡಿಸಿತು. ಗೋಲ್ಡನ್ ಹೋರ್ಡನ್ನ ಹೊಗಳಿ ಬರೆಯೋ ಹಾಗಿಲ್ಲ, ಆ ಕಾಲದ ವೀರ ಇದೆಗೆಯ ಜನಪದ ಮಹಾಕಾವ್ಯವನ್ನ ಮೆರೆಸೋ ಹಾಗಿಲ್ಲ ಅಂತ. ಅದಾದ ಮೇಲೆ ಕಜಾನಿನ ಇತಿಹಾಸಕಾರರಿಗೆ ಬಲ್ಗಾರ್ ಒಂದೇ ಸುರಕ್ಷಿತ ದಾರಿಯಾಗಿ ಉಳೀತು. ಸೋವಿಯತ್ ಕಾಲದ ಪುಸ್ತಕದಲ್ಲಿ ‘ತಾತಾರರು ಬಲ್ಗಾರರ ವಂಶದವರು’ ಅಂತ ಕಂಡ್ರೆ, ಮೊದಲು ಅದು ಅಚ್ಚಾದ ವರ್ಷ ನೋಡಿ.

ಈಗ ತೆರೆ ಮೇಲೆ ಕಾಣ್ತಿರೋದು ಕಜಾನ್ ಕೋಟೆ. ಹೋರ್ಡ್ ಒಡೆದ ಮೇಲೆ ಕಜಾನ್, ಕ್ರಿಮಿಯಾ, ಅಸ್ತ್ರಖಾನ್, ಸೈಬೀರಿಯಾ, ಕಾಸಿಮ್ ಹೀಗೆ ಬೇರೆ ಬೇರೆ ಖಾನರ ರಾಜ್ಯಗಳಾದವು. 1552ರ ಅಕ್ಟೋಬರ್ 2ರಂದು ರಷ್ಯಾದ ದೊರೆ ಜಾರ್ 4ನೇ ಇವಾನ್ ಕೋಟೆಗೋಡೆ ಕೆಳಗೆ ಸುರಂಗ ಕೊರೆಸಿ, ಮದ್ದು ತುಂಬಿಸಿ ಸಿಡಿಸಿ ಕಜಾನನ್ನ ಗೆದ್ದ. ಮಾಸ್ಕೋದ ಬಣ್ಣಬಣ್ಣದ ಗುಮ್ಮಟಗಳ ಸೇಂಟ್ ಬಾಸಿಲ್ ಚರ್ಚ್ ಇದೆಯಲ್ಲ, ಅದನ್ನ ಕಟ್ಟಿಸಿದ್ದು ಈ ಗೆಲುವಿನ ನೆನಪಿಗೇ. ತಾತಾರರನ್ನ ಕೋಟೆಯಿಂದ ಹೊರಗೆ ಹಾಕಿ, ಬುಲಾಕ್ ಕಾಲುವೆಯ ಆಚೆಗೆ ಕಳಿಸಿದ್ರು. ಕಬಾನ್ ಕೆರೆ ದಡದಲ್ಲಿ ಹಳೇ ತಾತಾರ್ ಕೇರಿ ಬೆಳೆದದ್ದು ಹೀಗೆ. ಅಲ್ಲಿ ಕಲ್ಲಿನ ಮಸೀದಿ ಕಟ್ಟೋದಕ್ಕೆ ಅನುಮತಿ ಸಿಗೋಕೆ ಇನ್ನೂರಕ್ಕೂ ಹೆಚ್ಚು ವರ್ಷ ಬೇಕಾಯ್ತು. ರಾಣಿ ಕ್ಯಾಥರಿನ್ ಕಾಲದಲ್ಲಿ ಎದ್ದ ಆ ಮಸೀದಿಗೆ ಈಗ ಮರ್ಜಾನಿ ಮಸೀದಿ ಅಂತ ಹೆಸರು.

ಆ ಹೆಸರಿನ ಶಿಹಾಬೆದ್ದೀನ್ ಮರ್ಜಾನಿ, 1818ರಿಂದ 1889ರ ತನಕ ಬದುಕಿದ ಧರ್ಮಪಂಡಿತ, ಇತಿಹಾಸಕಾರ. ಆ ಕಾಲದಲ್ಲಿ ವೋಲ್ಗಾದವರನ್ನ ‘ನೀವ್ಯಾರು’ ಅಂತ ಕೇಳಿದ್ರೆ ಮುಸ್ಲಿಮರು ಅಂತಿದ್ರು, ಕಜಾನಿನವರು ಅಂತಿದ್ರು, ಕೆಲವರು ಬಲ್ಗಾರರು ಅಂತಿದ್ರು. ತಾತಾರ್ ಅನ್ನೋದು ರಷ್ಯನ್ನರ ಬಾಯಲ್ಲಿ ಬೈಗುಳದ ಹಾಗೆ ಕೇಳಿಸ್ತಿತ್ತು. ಮರ್ಜಾನಿ ಅವರ ವಾದ ಏನು ಅಂದ್ರೆ, ಮುಸ್ಲಿಂ ಅನ್ನೋದು ಧರ್ಮದ ಹೆಸರು, ಜನಾಂಗದ ಹೆಸರಲ್ಲ. ನೀವು ಅರಬರೂ ಅಲ್ಲ, ತಾಜಿಕರೂ ಅಲ್ಲ, ಹಾಗಿದ್ದಾಗ ತಾತಾರ್ ಅನ್ನೋದಕ್ಕೆ ನಾಚಿಕೆ ಏಕೆ? ಹೊರಗಿನವರು ಅಂಟಿಸಿದ ಹೆಸರನ್ನ ಒಂದು ಜನ ಎತ್ತಿಕೊಂಡು ತಮ್ಮದು ಮಾಡಿಕೊಂಡಿದ್ದು ಇಲ್ಲಿಂದ. ಈ ಇಡೀ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋ ತಿರುವು ಇದೇ, ಕಜಾನ್ ಬಿದ್ದ ದಿನಕ್ಕಿಂತಲೂ.

ಇನ್ನು ಅಡುಗೆಮನೆಗೆ. ವೋಲ್ಗಾದ ಮನೆಗಳಲ್ಲಿ ಮಾಡೋದು ಎಚ್‌ಪೊಚ್ಮಾಕ್, ಮೂರು ಮೂಲೆ ಅಂತ ಅರ್ಥ. ನೋಡೋಕೆ ಸಮೋಸಾ ಥರ ಇದ್ರೂ ಕೆಲಸ ಬೇರೆ, ಯಾಕಂದ್ರೆ ಒಳಗಿನ ಹೂರಣ ಹಸಿ. ಅರ್ಧ ಕಿಲೋ ಕುರಿ ಅಥವಾ ದನದ ಮಾಂಸ, ಅಷ್ಟೇ ಆಲೂಗಡ್ಡೆ, ಎರಡು ಈರುಳ್ಳಿ. ಎಲ್ಲವನ್ನೂ ಚಾಕುವಿನಲ್ಲೇ, ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿ ಹೆಚ್ಚಬೇಕು. ಖೀಮಾ ಹಾಕಿದ್ರೆ ಬೆಂದು ಒಂದೇ ಮುದ್ದೆ ಆಗುತ್ತೆ. ಆಲೂಗಡ್ಡೆ ದಪ್ಪ ಇದ್ರೆ ಮಾಂಸ ಬೆಂದ ಮೇಲೂ ಹಸಿಯಾಗೇ ಉಳಿಯುತ್ತೆ. ಉಪ್ಪನ್ನ ತುಂಬೋ ಹೊತ್ತಿಗೆ ಮಾತ್ರ ಹಾಕಿ. ಮುಂಚೆ ಹಾಕಿದ್ರೆ ನೀರು ಬಿಟ್ಟುಕೊಂಡು ತಳದ ಹಿಟ್ಟು ಒದ್ದೆಯಾಗಿ ಹರಿಯುತ್ತೆ. ಅಂಗೈ ಅಗಲದ ಹಾಳೆ ಲಟ್ಟಿಸಿ, ಮಧ್ಯಕ್ಕೆ ಹೂರಣ ಇಟ್ಟು, ಮೂರು ಕಡೆಯಿಂದ ಎತ್ತಿ ಚಿವುಟಿ ಮುಚ್ಚಿ. ನೆತ್ತಿಯಲ್ಲಿ ಬೆರಳು ತೂರುವಷ್ಟು ತೂತು ಬಿಡಬೇಕು. 180 ಡಿಗ್ರಿ ಓವನ್ನಲ್ಲಿ ಇಟ್ಟು 20–25 ನಿಮಿಷಕ್ಕೆ ಆಚೆ ತೆಗೆದು, ಆ ತೂತಿನಿಂದ ಒಂದೊಂದಕ್ಕೂ ಒಂದೆರಡು ಚಮಚ ಬಿಸಿ ಮಾಂಸದ ಸಾರು ಹುಯ್ದು, ಮತ್ತೆ 15–20 ನಿಮಿಷ ಬೇಯಿಸಬೇಕು. ಸಾರು ಹುಯ್ಯೋದನ್ನ ಬಿಟ್ಟರೆ ಒಳಗೆ ಒಣಒಣ, ಅದನ್ನ ಯಾರೂ ಎಚ್‌ಪೊಚ್ಮಾಕ್ ಅಂತ ಒಪ್ಪಲ್ಲ.

ಕ್ರಿಮಿಯಾದ್ದು ಚಿಬೊರೆಕ್. ಹುಳಿ ಬರಿಸದ ಹಿಟ್ಟು, ಕಾಗದದಷ್ಟು ತೆಳು, ನಮ್ಮ ಕರಿಗಡುಬಿನ ಅರ್ಧಚಂದ್ರಾಕಾರ. ಒಳಗೆ ಹಸಿ ಖೀಮಾ, ಸಣ್ಣಗೆ ಹೆಚ್ಚಿದ ಈರುಳ್ಳಿ, ಅದು ಸಡಿಲ ಆಗೋವಷ್ಟು ನೀರು. ಕಾದ ಎಣ್ಣೆಯಲ್ಲಿ ಎರಡು ಮೂರು ನಿಮಿಷ ಕರಿದ್ರೆ ಆ ನೀರೇ ಒಳಗೆ ರಸ ಆಗುತ್ತೆ. ಅಂಚು ಸರಿಯಾಗಿ ಕೂಡದೆ ಇದ್ರೆ ರಸ ಎಣ್ಣೆಗೆ ಹರಿದು ಕೈಗೆ ಮುಖಕ್ಕೆ ಸಿಡಿಯುತ್ತೆ, ಆದ್ದರಿಂದ ತೂತು ಬಿದ್ದದ್ದನ್ನ ಬಾಣಲೆಗೆ ಬಿಡಬೇಡಿ. ಒಂದು ಕಡೆ ಒಲೆಯೊಳಗೆ ಬೇಯಿಸೋ ಕಾಡುಸೀಮೆಯ ಅಡುಗೆ, ಇನ್ನೊಂದು ಕಡೆ ಎಣ್ಣೆಯಲ್ಲಿ ಕರಿಯೋ ಅಡುಗೆ.

ಕ್ರಿಮಿಯಾ ತಾತಾರರು ಬೇರೆಯೇ ಒಂದು ಜನ. ಹುಲ್ಲುಗಾವಲಿನ ನೊಗಾಯ್‌ಗಳು, ಗುಡ್ಡದವರು, ದಕ್ಷಿಣ ಕರಾವಳಿಯವರು, ಎಲ್ಲ ಬೆರೆತು ಆದವರು. ಕರಾವಳಿಯವರ ಮಾತು ಟರ್ಕಿ ಭಾಷೆಗೆ ಎಷ್ಟು ಹತ್ತಿರ ಅಂದ್ರೆ ಕಜಾನಿನವರಿಗಿಂತ ಇಸ್ತಾಂಬುಲ್‌ನವರಿಗೆ ಬೇಗ ತಿಳಿಯುತ್ತೆ. ಗಿರಾಯ್ ವಂಶದ ಖಾನರು ಬಖ್ಚಿಸರಾಯ್ ಅರಮನೆಯಿಂದ ಆಳಿದ್ರು. 1783ರಲ್ಲಿ ರಷ್ಯಾ ಈ ರಾಜ್ಯವನ್ನ ತನ್ನೊಳಗೆ ಸೇರಿಸಿಕೊಂಡಿತು. ಸರಿಯಾಗಿ ನೂರು ವರ್ಷಕ್ಕೆ, 1883ರಲ್ಲಿ, ಅದೇ ಬಖ್ಚಿಸರಾಯ್‌ನಿಂದ ಕ್ರಿಮಿಯಾ ತಾತಾರ್ ಸುಧಾರಕ ಇಸ್ಮಾಯಿಲ್ ಗಾಸ್ಪಿರಾಲಿ ‘ತೆರ್ಜುಮಾನ್’ ಪತ್ರಿಕೆ ಶುರು ಮಾಡಿದ್ರು.

1944ರ ಮೇ 18. ಸ್ಟಾಲಿನ್ ಸಹಿ ಹಾಕಿದ ಆದೇಶದ ಪ್ರಕಾರ, ಜರ್ಮನ್ನರ ಜೊತೆ ಕೈಜೋಡಿಸಿದ್ರು ಅನ್ನೋ ಆರೋಪವನ್ನ ಇಡೀ ಜನಾಂಗದ ಮೇಲೆ ಹೊರಿಸಿ, ಮೂರೇ ದಿನದಲ್ಲಿ ಸುಮಾರು 1,90,000 ಜನರನ್ನ ಗೂಡ್ಸ್ ರೈಲಿಗೆ ತುಂಬಿ ಸಾಗಿಸಿದ್ರು. ಹೆಚ್ಚಿನವರು ಹೋದದ್ದು ಉಜ್ಬೆಕಿಸ್ತಾನಕ್ಕೆ. ಸೋವಿಯತ್ ಸೈನ್ಯದಲ್ಲಿ ಹೋರಾಡ್ತಿದ್ದ ಗಂಡಸರ ಮನೆಯವರನ್ನೂ ಬಿಡಲಿಲ್ಲ. ಆಮೇಲೆ ಹಳ್ಳಿಗಳ ತಾತಾರ್ ಹೆಸರುಗಳನ್ನ ಅಳಿಸಿ ರಷ್ಯನ್ ಹೆಸರು ಇಟ್ರು. ಆ ದಿನವನ್ನ ಅವರು ‘ಸುರ್ಗುನ್‌ಲಿಕ್’ ಅಂತ ಕರೀತಾರೆ, ಗಡೀಪಾರು.

ಮುಂದಿನ ಕಾಗದ ನಿಧಾನವಾಗಿ ಓದಬೇಕಾದದ್ದು. 1967ರ ಸೆಪ್ಟೆಂಬರ್ 5ರಂದು ಸೋವಿಯತ್ ಸರ್ಕಾರ ಆ ಸಾಮೂಹಿಕ ಆರೋಪವನ್ನ ವಾಪಸ್ ತಗೊಂಡಿತು. ಆದರೆ ಆದೇಶದಲ್ಲಿ ‘ಕ್ರಿಮಿಯಾ ತಾತಾರರು’ ಅಂತ ಬರೆಯಲಿಲ್ಲ. ‘ಹಿಂದೆ ಕ್ರಿಮಿಯಾದಲ್ಲಿ ವಾಸವಾಗಿದ್ದ ತಾತಾರ್ ಜನಾಂಗದ ಪ್ರಜೆಗಳು’ ಅಂತ ಬರೆದ್ರು. ಅಂದ್ರೆ ನೀವು ಬೇರೆ ಜನಾಂಗವೇ ಅಲ್ಲ, ಕಜಾನಿನವರ ಪೈಕಿ, ಯಾವಾಗಲೋ ಅಲ್ಲಿ ಇದ್ದವರು ಅಷ್ಟೇ. ಬೇರೆ ಜನಾಂಗ ಅಲ್ಲದ ಮೇಲೆ ತಾಯ್ನಾಡು ಕೇಳೋ ಹಕ್ಕೂ ಇಲ್ಲ. ಜನಗಣತಿಯಲ್ಲೂ ಅವರನ್ನ ಬರೀ ತಾತಾರರ ಲೆಕ್ಕಕ್ಕೇ ಸೇರಿಸಿದ್ರು. 1989ರಲ್ಲಿ ಬೇರೆಯಾಗಿ ಎಣಿಸಿದಾಗ 2,71,000ಕ್ಕೂ ಹೆಚ್ಚು ಜನ ಸಿಕ್ಕಿದ್ರು. ಮರ್ಜಾನಿ ಕಾಲದಲ್ಲಿ ಒಂದು ಜನಕ್ಕೆ ಹೆಸರಾದ ಅದೇ ಪದದಿಂದ, ಇನ್ನೊಂದು ಜನದ ಗುರುತು ಅಳಿಸೋ ಕೆಲಸ ಮಾಡಿದ್ರು. ‘ತಾತಾರರು ಎಲ್ಲ ಒಂದೇ ಅಲ್ವಾ’ ಅಂತ ಯಾರಾದ್ರೂ ಸಲೀಸಾಗಿ ಅಂದಾಗ ನಾನು ತಡೆದು ಮಾತಾಡೋದು ಈ ಕಾಗದದ ಕಾರಣಕ್ಕೆ.

ಇನ್ನೂ ಇದ್ದಾರೆ. ಕ್ರಿಯಾಶೆನ್‌ಗಳು ತಾತಾರ್ ಭಾಷೆಯಲ್ಲೇ ಪ್ರಾರ್ಥನೆ ಮಾಡೋ ಆರ್ಥೊಡಾಕ್ಸ್ ಕ್ರೈಸ್ತರು. 2010ರ ಗಣತಿಯಲ್ಲಿ ಸುಮಾರು 34,800 ಜನ ಹೀಗೇ ಬರೆಸಿಕೊಂಡ್ರು. ಪೋಲೆಂಡ್, ಲಿಥುವೇನಿಯಾ, ಬೆಲರೂಸ್‌ನ ಲಿಪ್ಕಾ ತಾತಾರರು ತುರ್ಕಿಕ್ ಭಾಷೆಯನ್ನ ಶತಮಾನಗಳ ಹಿಂದೆಯೇ ಮರೆತರು, ಬೆಲರೂಸಿಯನ್ ಭಾಷೆಯ ಧಾರ್ಮಿಕ ಪುಸ್ತಕಗಳನ್ನ ಅರಬ್ಬೀ ಲಿಪಿಯಲ್ಲಿ ಬರೆದುಕೊಂಡ್ರು. ಫಿನ್‌ಲೆಂಡಿನ ತಾತಾರರು ವೋಲ್ಗಾ ತಾತಾರರಲ್ಲೇ ಒಂದು ಗುಂಪಾದ ಮಿಶಾರರ ಹಳ್ಳಿಗಳಿಂದ ವ್ಯಾಪಾರಕ್ಕೆ ಬಂದವರ ಮೊಮ್ಮಕ್ಕಳು. ಹಳೇ ರಷ್ಯನ್ ಕಡತದಲ್ಲಿ ‘ಕಾಕಸಸ್ ತಾತಾರರು’ ಅಂತ ಇದ್ರೆ ಅವರು ಇವತ್ತಿನ ಅಜರ್ಬೈಜಾನಿಗಳು.

ಕೈಗೆ ಒಂದು ಹಳೇ ತಾತಾರ್ ಪತ್ರಿಕೆ ಸಿಕ್ಕಿದ್ರೆ ಕಾಲ ಹೇಳೋದು ಸುಲಭ. ವೋಲ್ಗಾದ್ದಾದರೆ, ಅರಬ್ಬೀ ಲಿಪಿ 1920ರ ದಶಕದ ಕೊನೆಯ ತನಕ. ಆಮೇಲೆ ಯಾನಾಲಿಫ್ ಅನ್ನೋ ಲ್ಯಾಟಿನ್ ಲಿಪಿ. 1939ರಿಂದ ಸಿರಿಲಿಕ್, ಆರು ಹೆಚ್ಚುವರಿ ಅಕ್ಷರದ ಜೊತೆ. ಹನ್ನೆರಡೇ ವರ್ಷದಲ್ಲಿ ಎರಡು ಸಲ ಲಿಪಿ ಬದಲಾಯ್ತು ಅಂದ್ರೆ, ಅಜ್ಜ ಬರೆದ ಕಾಗದ ಮೊಮ್ಮಗನಿಗೆ ಓದೋಕೆ ಬರಲ್ಲ ಅಂತಲೇ ಅರ್ಥ. 1999ರಲ್ಲಿ, ಕಜಾನ್ ರಾಜಧಾನಿಯಾಗಿರೋ ರಷ್ಯಾದೊಳಗಿನ ಗಣರಾಜ್ಯ ತಾತಾರ್‌ಸ್ತಾನ್ ಮತ್ತೆ ಲ್ಯಾಟಿನ್‌ಗೆ ಹೋಗೋ ಕಾನೂನು ಮಾಡಿತು. 2002ರಲ್ಲಿ ರಷ್ಯಾ, ಗಣರಾಜ್ಯಗಳ ಭಾಷೆಗೆಲ್ಲ ಸಿರಿಲಿಕ್ಕೇ ಇರಬೇಕು ಅಂತ ಕಾನೂನು ತಂದು ಅದನ್ನ ನಿಲ್ಲಿಸಿತು. 2017ರಲ್ಲಿ ಶಾಲೆಗಳಲ್ಲಿ ತಾತಾರ್ ಕಡ್ಡಾಯ ಅನ್ನೋದೂ ಹೋಯ್ತು, ತಂದೆತಾಯಿ ಒಪ್ಪಿದರೆ ವಾರಕ್ಕೆ ಎರಡು ಗಂಟೆ ಅಂತ ಆಗ ಆಯ್ತು. ರಷ್ಯಾದಲ್ಲಿ ತಾತಾರ್ ಅಂತ ಬರೆಸಿಕೊಂಡವರು 2010ರಲ್ಲಿ 53 ಲಕ್ಷ ಇದ್ದದ್ದು 2021ರಲ್ಲಿ 47 ಲಕ್ಷ ಆಯ್ತು.

ಮತ್ತೆ ಕಜಾನ್ ಕೋಟೆಗೆ ಬಂದಿದ್ದೇವೆ. ಈ ನೀಲಿ ಗುಮ್ಮಟದ ಮಸೀದಿ 2005ರಲ್ಲಿ ತೆರೆದದ್ದು. 1552ರಲ್ಲಿ ಕೋಟೆ ಕಾಯ್ತಾ ಸತ್ತ ಇಮಾಮರ ಹೆಸರು ಇದಕ್ಕೆ. ರಷ್ಯನ್ನಲ್ಲಿ ಆ ಹೆಸರನ್ನ ‘ಕುಲ್ ಶರೀಫ್’ ಅಂತ ಬರೀತಾರೆ, ತಾತಾರಿನಲ್ಲಿ ‘ಕೊಲ್ ಶರೀಫ್’. ಶುರುವಿನಲ್ಲಿ ನೆನಪಿಡಿ ಅಂದ ಜೋಡಿ ಇದೇ. ಕೊಲ್ ಅಂದ್ರೆ ಸೇವಕ, ದೇವರ ಸೇವಕ. ಆ ಕಾಲದ ಕವಿಗಳು ತಮ್ಮ ಹೆಸರಿನ ಮುಂದೆ ವಿನಯಕ್ಕೆ ಇಟ್ಟುಕೊಳ್ತಿದ್ದ ಪದ. ಕುಲ್ ಅಂದ್ರೆ ತಾತಾರ್ ಕಿವಿಗೆ ಬರೀ ಕೈ. ಅಲ್ಲಿಗೆ ಹೋದಾಗ ಯಾರನ್ನಾದ್ರೂ ದಾರಿ ಕೇಳಬೇಕಾದ್ರೆ, ‘ಕೊಲ್ ಶರೀಫ್’ ಅಂತ ಕೇಳಿ.