ಗ್ಲೈಡರ್ ಕಟ್ಟಿದವರ ಹೊಟ್ಟೆಪಾಡು

ನಮಸ್ಕಾರ. 25 ವರ್ಷಗಳಲ್ಲಿ 700 ವಿಮಾನ ಎಂದರೆ ವರ್ಷಕ್ಕೆ ಸರಾಸರಿ 28. ಅಮೆರಿಕದಲ್ಲಿ ಬಹು ಜನಪ್ರಿಯವಾಗಿದ್ದ ಶ್ವೈಟ್ಸರ್ 1-26 ಗ್ಲೈಡರ್, ಅಂದರೆ ಎಂಜಿನ್ ಇಲ್ಲದೆ ತೇಲುವ ವಿಮಾನ, 1954ರಿಂದ 1979ರವರೆಗೆ ತಯಾರಾದದ್ದು ಇಷ್ಟೇ. ಅದನ್ನು ಕಟ್ಟಿದ ಶ್ವೈಟ್ಸರ್ ಕುಟುಂಬ ತನ್ನ ಒಲವಿನ ಗ್ಲೈಡರ್‌ಗಳನ್ನು ಕೈಬಿಟ್ಟು ಪರರ ಹೆಲಿಕಾಪ್ಟರಿನ ಬೆನ್ನು ಹತ್ತಿತು ಎಂದು ದೂರುವವರು ಈ ಲೆಕ್ಕವನ್ನು ಮರೆಯುತ್ತಾರೆ. ಆ ದೂರನ್ನು ನಾನು ಒಪ್ಪುವುದಿಲ್ಲ.

ಆ ಕುಟುಂಬದ ಅರ್ನೆಸ್ಟ್, ಪಾಲ್ ಮತ್ತು ವಿಲಿಯಂ ಎಂಬ ಮೂವರು ಸೋದರರು 1930ರಲ್ಲಿ ನ್ಯೂಯಾರ್ಕ್ ರಾಜ್ಯದ ಪೀಕ್‌ಸ್ಕಿಲ್‌ನಲ್ಲಿ, ತಂದೆಯ ಕೊಟ್ಟಿಗೆಯೊಳಗೆ ತಮ್ಮ ಮೊದಲ ಗ್ಲೈಡರ್ ಕಟ್ಟಿದರು. ಅದರ ಹೆಸರು 1-1. ಮೊದಲ ಅಂಕಿ ಆಸನಗಳ ಸಂಖ್ಯೆ, ಎರಡನೆಯದು ವಿನ್ಯಾಸದ ಕ್ರಮಸಂಖ್ಯೆ. ಈ ಮಿತವ್ಯಯದ ನಾಮಕರಣ ಅವರ ಕೊನೆಯ ಗ್ಲೈಡರ್‌ವರೆಗೂ ಬದಲಾಗಲಿಲ್ಲ. ಗಾಳಿ ಇಳಿಜಾರಿಗೆ ಬಡಿದು ಮೇಲೇಳುವ ಗುಡ್ಡಗಳಿದ್ದುದರಿಂದ ರಾಷ್ಟ್ರೀಯ ಗ್ಲೈಡರ್ ಸ್ಪರ್ಧೆಗಳ ಊರಾಗಿದ್ದ, ಅದೇ ರಾಜ್ಯದ ಎಲ್ಮೈರಾಕ್ಕೆ ಅವರು 1937ರಲ್ಲಿ ಬಂದು, ಹೆಣಿಗೆಯ ಗಿರಣಿಯೊಂದರ ಮಹಡಿಯಲ್ಲಿ ಕಾರ್ಖಾನೆ ಹೂಡಿದರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ತರಬೇತಿ ಗ್ಲೈಡರ್‌ಗಳು ಬೇಕಾದವು. ಅಲ್ಯೂಮಿನಿಯಂ ಉಳಿಸಬೇಕಿದ್ದುದರಿಂದ, ಲೋಹದ ಕೆಲಸವೇ ಗುರುತಾಗಿದ್ದ ಈ ಮನೆಯವರು ಟಿಜಿ-3 ಎಂಬ ಗ್ಲೈಡರಿನ ರೆಕ್ಕೆಗಳನ್ನು ಮರದಲ್ಲಿ ಮಾಡಿಕೊಟ್ಟರು.

ಅವರ ಕೈಗುಣವನ್ನು ನೋಡಬೇಕಾದರೆ 1960ರ ದಶಕದ ಎರಡಾಸನದ 2-33 ಮುಂದೆ ನಿಲ್ಲಬೇಕು. ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಒಡಲು, ಅದರ ಮೇಲೆ ಬಿಗಿದ ಬಟ್ಟೆ, ಕಂಬಿಯ ಆಸರೆಯಿರುವ ಅಲ್ಯೂಮಿನಿಯಂ ರೆಕ್ಕೆ, ಮೂಗಿನಡಿಯಲ್ಲಿ ನೆಲಕ್ಕೆ ಉಜ್ಜಿದರೂ ಚಿಂತೆಯಿಲ್ಲದ ಒಂದು ಜಾರುಪಟ್ಟಿ. ಚೆಲುವೆಯೇನಲ್ಲ. ಆದರೆ ಕಲಿಯುವವನು ದೊಪ್ಪೆಂದು ಇಳಿಸಿದರೂ ತಾಳಿಕೊಳ್ಳುತ್ತದೆ, ರಿಪೇರಿಗೆ ದೊಡ್ಡ ವಿದ್ಯೆ ಬೇಡುವುದಿಲ್ಲ. ನಿಶ್ಚಲ ಗಾಳಿಯಲ್ಲಿ ಒಂದು ಕಿಲೋಮೀಟರ್ ಎತ್ತರದಿಂದ ಸುಮಾರು 23 ಕಿಲೋಮೀಟರ್ ದೂರ ತೇಲಬಲ್ಲದು. 1970ರ ದಶಕದ ಜರ್ಮನಿಯ ಫೈಬರ್‌ಗ್ಲಾಸ್ ಗ್ಲೈಡರ್‌ಗಳು ಅದೇ ಎತ್ತರದಿಂದ 35 ಕಿಲೋಮೀಟರ್ ದಾಟತೊಡಗಿದಾಗ ಸ್ಪರ್ಧಾಳುಗಳು ಅತ್ತ ಹೊರಳಿದರು. ಶ್ವೈಟ್ಸರ್‌ಗಳು ಲೋಹ ಬಿಡಲಿಲ್ಲ. ಅದು ಅವರ ಹಟವೆಂದೇ ನನ್ನ ಎಣಿಕೆ. ಆದರೆ ಹಟ ಬಿಟ್ಟಿದ್ದರೂ ವರ್ಷಕ್ಕೆ 28 ಎಂಬ ಸಂಖ್ಯೆ ಎಷ್ಟು ಹಿಗ್ಗುತ್ತಿತ್ತು?

ಕಾರ್ಖಾನೆಯ ಅನ್ನ ಬೇರೆ ಕಡೆಯಿಂದ ಬರುತ್ತಿತ್ತು. ಗ್ರಮ್ಮನ್ ಕಂಪನಿಯ ಆಗ್-ಕ್ಯಾಟ್, ಅಂದರೆ ಹೊಲಗಳ ಮೇಲೆ ಔಷಧಿ ಸಿಂಪಡಿಸುವ ಜೋಡಿರೆಕ್ಕೆಯ ವಿಮಾನವನ್ನು, ಅವರು 1957ರಿಂದ 1981ರವರೆಗೆ ಗುತ್ತಿಗೆಯ ಮೇಲೆ 2,400ಕ್ಕೂ ಹೆಚ್ಚು ಕಟ್ಟಿದರು, ವರ್ಷಕ್ಕೆ ನೂರರಂತೆ. ಕೊನೆಗೆ ಅದರ ಹಕ್ಕನ್ನೇ ಕೊಂಡರು. ಹ್ಯೂಸ್ ಕಂಪನಿಯ 300 ಹೆಲಿಕಾಪ್ಟರಿನ ವಿಷಯದಲ್ಲೂ ಇದೇ ಜಾಡು: 1983ರಲ್ಲಿ ಪರವಾನಗಿಯ ಮೇಲೆ ತಯಾರಿಕೆ, 1986ರಲ್ಲಿ ಪೂರ್ತಿ ಒಡೆತನ. ಮೂರು ಬ್ಲೇಡುಗಳ ಈ ಪುಟ್ಟ ಪಿಸ್ಟನ್ ಯಂತ್ರ ಅಮೆರಿಕದ ಸೈನಿಕರಿಗೆ ಹೆಲಿಕಾಪ್ಟರ್ ಹಾರಾಟದ ಓನಾಮ ಕಲಿಸಿದ್ದು. ಗ್ಲೈಡರ್ ಶಾಲೆಗೆ 2-33 ಹೇಗೋ, ಹೆಲಿಕಾಪ್ಟರ್ ಶಾಲೆಗೆ ಇದು ಹಾಗೆ. ಆದ್ದರಿಂದ ಇದನ್ನು ದಾರಿ ತಪ್ಪಿದ್ದೆನ್ನಲು ನನಗೆ ಮನಸ್ಸಾಗದು. ಮುಂದೆ ಅದಕ್ಕೇ ಟರ್ಬೈನ್ ಎಂಜಿನ್ ಕೂಡಿಸಿ 330 ಮತ್ತು 333 ಮಾಡಿದರು. ಅಮೆರಿಕದ ನೌಕಾಪಡೆಯ ಚಾಲಕರಹಿತ ಹೆಲಿಕಾಪ್ಟರ್ ಫೈರ್ ಸ್ಕೌಟ್ ಹುಟ್ಟಿದ್ದು ಆ ಕುಡಿಯಿಂದಲೇ.

2004ರಲ್ಲಿ ಕುಟುಂಬ ತನ್ನ ಕಂಪನಿಯನ್ನು ದೊಡ್ಡ ಹೆಲಿಕಾಪ್ಟರ್ ತಯಾರಕ ಸಿಕೋರ್ಸ್ಕಿಗೆ ಮಾರಿತು. ಅದೂ ತಪ್ಪಲ್ಲ, ವಿಮಾನ ಉದ್ಯಮದಲ್ಲಿ ಎರಡನೆಯ ತಲೆಮಾರಿನವರೆಗೆ ಒಡೆತನ ಕೈಯಲ್ಲಿ ಉಳಿದದ್ದೇ ಅಪರೂಪ. ಆದರೆ ವ್ಯತ್ಯಾಸ ಆಗ ತಿಳಿಯಿತು. ಆರ್ಡರು ಕುಸಿದಾಗ ಶ್ವೈಟ್ಸರ್‌ಗಳು ಎಲ್ಮೈರಾಕ್ಕೆ ಹೊಸ ಕೆಲಸ ಹುಡುಕಿ ತರುತ್ತಿದ್ದರು, ಏಕೆಂದರೆ ಅವರ ಮನೆ ಅಲ್ಲಿತ್ತು. ಹೊಸ ಒಡೆಯರಿಗೆ ಎಲ್ಮೈರಾ ಹಲವು ಘಟಕಗಳಲ್ಲಿ ಒಂದು. 2012ರಲ್ಲಿ ಅದನ್ನು ಮುಚ್ಚಿದರು. 2018ರಲ್ಲಿ ಹೆಲಿಕಾಪ್ಟರ್‌ಗಳ ಹಕ್ಕು ಶ್ವೈಟ್ಸರ್ ಎಂಬ ಹೆಸರಿನ ಸಮೇತ ಟೆಕ್ಸಾಸ್‌ನ ಫೋರ್ಟ್ ವರ್ತ್‌ನ ಕಂಪನಿಯೊಂದನ್ನು ಸೇರಿತು. ಎಲ್ಮೈರಾದ ಪಕ್ಕದ ಹ್ಯಾರಿಸ್ ಹಿಲ್ ಮೇಲೆ ಗ್ಲೈಡರ್ ವಸ್ತುಸಂಗ್ರಹಾಲಯ ಉಳಿದಿದೆ, ಗುಡ್ಡಕ್ಕೆ ಬಡಿದೇಳುವ ಗಾಳಿಯೂ ಉಳಿದಿದೆ.