ಐದು ಹೆಸರಿನ ಪಟ್ಟಿಯಲ್ಲಿ ಒಬ್ಬ ಸಿದ್ದಿ

ನಮಸ್ಕಾರ. ಇವತ್ತು ಒಂದು ಹಳೇ ಪಟ್ಟಿಯಿಂದ ಶುರು ಮಾಡೋಣ.

2020ರ ಜುಲೈ 22. ಬೆಂಗಳೂರಿನಲ್ಲಿ ಒಂದು ವಾರದ ಲಾಕ್‌ಡೌನ್ ಅವತ್ತು ಬೆಳಿಗ್ಗೆ ತಾನೇ ಮುಗಿದಿತ್ತು. ಜನ ಮಾಸ್ಕ್ ಹಾಕಿಕೊಂಡು ಹಾಲು, ತರಕಾರಿಗೆ ಹೊರಟಿದ್ದರು. ಅದೇ ದಿನ ರಾಜ್ಯಪಾಲ ವಜುಭಾಯಿ ವಾಲಾ ಅವರು ವಿಧಾನ ಪರಿಷತ್ತಿಗೆ ಐದು ಜನರನ್ನು ನಾಮನಿರ್ದೇಶನ ಮಾಡಿದರು. ಎಚ್. ವಿಶ್ವನಾಥ್, ಸಿ.ಪಿ. ಯೋಗೇಶ್ವರ್, ಭಾರತಿ ಶೆಟ್ಟಿ, ಸಾಬಣ್ಣ ತಳವಾರ, ಶಾಂತಾರಾಮ ಬುಡ್ನ ಸಿದ್ದಿ.

ಸಂಜೆಯ ಟಿವಿ ಚರ್ಚೆ ಎಲ್ಲಾ ಮೊದಲಿನ ಎರಡು ಹೆಸರಿನ ಮೇಲೆ. ವಿಶ್ವನಾಥ್ ಮಂತ್ರಿ ಆಗ್ತಾರಾ? ಯೋಗೇಶ್ವರ್ ಮಂತ್ರಿ ಆಗ್ತಾರಾ? ನಾನೂ ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದೆ. ಕೊನೆಯ ಹೆಸರು ನನ್ನ ತಲೆಗೆ ಹೋಗಿದ್ದು ಮಾರನೇ ದಿನ, ಪೇಪರ್ ಓದುವಾಗ. ಈ ದೇಶದಲ್ಲಿ ಶಾಸನಸಭೆಯೊಂದರ ಒಳಗೆ ಕಾಲಿಟ್ಟ ಮೊದಲ ಸಿದ್ದಿ. ಅದು ಆಗಿದ್ದು ನಮ್ಮ ರಾಜ್ಯದಲ್ಲಿ, ಸ್ವಾತಂತ್ರ್ಯ ಬಂದು 73 ವರ್ಷ ಆಗುತ್ತಿದ್ದಾಗ.

ಸಿದ್ದಿಗಳು ಯಾರು ಅಂತ ಉತ್ತರ ಕನ್ನಡದವರಿಗೆ ನಾನು ಹೇಳಬೇಕಾಗಿಲ್ಲ. ಬೇರೆಯವರಿಗೆ ಚುಟುಕಾಗಿ ಹೇಳುತ್ತೇನೆ. ಆಫ್ರಿಕಾದಿಂದ ಬಂದವರ ಮಕ್ಕಳು, ಮರಿಮಕ್ಕಳು. ಹೆಚ್ಚಿನವರ ಹಿರಿಯರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರು ಎಷ್ಟೋ ಜನ. ಈಗ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಇತ್ತ ಖಾನಾಪುರ, ಕಲಘಟಗಿ ಕಡೆ ಇದ್ದಾರೆ. ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಮನೆಯಲ್ಲಿ ತಮ್ಮದೇ ಧಾಟಿಯ ಕೊಂಕಣಿ, ಹೊರಗೆ ಕನ್ನಡ.

ಒಮ್ಮೆ ಬೆಂಗಳೂರಿನ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಒಬ್ಬ ಹುಡುಗ ನಿಂತಿದ್ದ. ಗುಂಗುರು ಕೂದಲು, ಹೆಗಲಿಗೆ ಸ್ಪೋರ್ಟ್ಸ್ ಬ್ಯಾಗ್. ಒಬ್ಬರು ಹಿರಿಯರು ಬಹಳ ಅಕ್ಕರೆಯಿಂದ ಇಂಗ್ಲಿಷಿನಲ್ಲಿ ಕೇಳಿದರು, ಯಾವ ದೇಶ ಅಂತ. ಹುಡುಗ ಅಂದ: "ನಾನು ಯಲ್ಲಾಪುರದವ ಮಾರಾಯ್ರೆ." ಹಿರಿಯರು ನಕ್ಕರು, ಹುಡುಗನೂ ನಕ್ಕ. ಆದರೆ ಅವನು ನಕ್ಕ ರೀತಿ ಇದೆಯಲ್ಲ, ಅದು ಈ ಪ್ರಶ್ನೆಗೆ ನೂರನೇ ಸಲ ಉತ್ತರ ಕೊಟ್ಟವನ ನಗು.

ಶಾಂತಾರಾಮ ಸಿದ್ದಿ ಅವರೂ ಯಲ್ಲಾಪುರ ತಾಲ್ಲೂಕಿನವರೇ. ತಮ್ಮ ಸಮುದಾಯದ ಮೊದಲ ಪದವೀಧರ ಎಂದು ಹೆಸರಾದವರು. ಓದು ಮುಗಿಸಿ ವನವಾಸಿ ಕಲ್ಯಾಣ ಆಶ್ರಮ ಸೇರಿ ಬುಡಕಟ್ಟು ಜನರ ನಡುವೆ ವರ್ಷಗಟ್ಟಲೆ ಓಡಾಡಿದರು. ಅದು ಸಂಘ ಪರಿವಾರದ ಸಂಸ್ಥೆ. ಅವರನ್ನು ಹೆಸರಿಸಿದ್ದು ಬಿಜೆಪಿ ಸರ್ಕಾರ. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. ನನಗೆ ಆ ರಾಜಕೀಯ ಒಪ್ಪಿಗೆ ಇದೆಯೋ ಇಲ್ಲವೋ ಎನ್ನುವುದೂ ಇವತ್ತಿನ ಮಾತಲ್ಲ. ನನ್ನ ಪ್ರಶ್ನೆ ಇಷ್ಟೇ. ಅವರು ಚುನಾವಣೆಗೆ ನಿಂತು ಗೆದ್ದು ಬರಬಹುದಿತ್ತಾ?

ಲೆಕ್ಕ ಹಾಕೋಣ. ನಮ್ಮ ವಿಧಾನಸಭೆಯಲ್ಲಿ 224 ಕ್ಷೇತ್ರ. ಪರಿಶಿಷ್ಟ ಪಂಗಡಕ್ಕೆ ಮೀಸಲು 15. ಅವುಗಳಲ್ಲಿ ಹೆಚ್ಚಿನವು ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಕಡೆ, ಅಂದರೆ ನಾಯಕ ಸಮುದಾಯ ದೊಡ್ಡದಾಗಿರುವ ಕಡೆ. ಉತ್ತರ ಕನ್ನಡದಲ್ಲಿ ಆರು ಕ್ಷೇತ್ರ ಇವೆ, ಒಂದೂ ಮೀಸಲಲ್ಲ. ಸಿದ್ದಿಗಳು ಇರುವುದು ಕಾಡಿನ ಹಾಡಿಗಳಲ್ಲಿ, ಇಲ್ಲಿ ಹತ್ತು ಮನೆ, ಅಲ್ಲಿ ಇಪ್ಪತ್ತು ಮನೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದೇ 2003ರಲ್ಲಿ, ಅದೂ ಉತ್ತರ ಕನ್ನಡದವರು ಮಾತ್ರ. ಬೆಳಗಾವಿ, ಧಾರವಾಡದ ಸಿದ್ದಿಗಳು 2020ರವರೆಗೆ ಕಾದರು. ಒಂದೇ ಕುಲ, ಒಂದೇ ಕಾಡು. ಮಧ್ಯೆ ಜಿಲ್ಲೆಯ ಗಡಿ ಇದೆ ಅಂತ ಅಣ್ಣ ಬುಡಕಟ್ಟು, ತಮ್ಮ ಅಲ್ಲ! ಇಂಥವರು ಓಟಿನ ಲೆಕ್ಕದಲ್ಲಿ ಎಲ್ಲಿಂದ ಗೆಲ್ಲಬೇಕು?

ಹಾಗಾಗಿ ಅವರಿಗೆ ಉಳಿದಿದ್ದು ನಾಮನಿರ್ದೇಶನದ ಬಾಗಿಲು. ಪರಿಷತ್ತಿನ 75 ಸ್ಥಾನಗಳಲ್ಲಿ 11 ಹೀಗೆ ತುಂಬುವಂಥವು. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜ ಸೇವೆ ಈ ಐದರಲ್ಲಿ ವಿಶೇಷ ತಿಳಿವಳಿಕೆಯೋ ಅನುಭವವೋ ಇರಬೇಕು ಅನ್ನುತ್ತದೆ ಸಂವಿಧಾನದ 171ನೇ ವಿಧಿ. ಸಹಿ ರಾಜ್ಯಪಾಲರದು, ಹೆಸರು ಸರ್ಕಾರದ್ದು.

ಈ ಬಾಗಿಲಲ್ಲಿ ಯಾರು ಯಾರು ಒಳಗೆ ಬಂದಿದ್ದಾರೆ ನೋಡಿ. 1952ರಲ್ಲಿ ಮದ್ರಾಸ್ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬರಲಿಲ್ಲ. ಚುನಾವಣೆಗೇ ನಿಲ್ಲದ ರಾಜಾಜಿಯವರನ್ನು ರಾಜ್ಯಪಾಲ ಶ್ರೀಪ್ರಕಾಶ ಪರಿಷತ್ತಿಗೆ ಹೆಸರಿಸಿದರು, ಅವರು ಮುಖ್ಯಮಂತ್ರಿಯಾದರು. ಮಂಗಳೂರು, ಬಳ್ಳಾರಿ ಆಗ ಮದ್ರಾಸಿನಲ್ಲೇ ಇದ್ದವು. ಅಂದರೆ ನಮ್ಮ ಜನರೂ ಅಂಥ ಮುಖ್ಯಮಂತ್ರಿಯ ಕೈಕೆಳಗೆ ಇದ್ದವರೇ. ಚಾಳಿ ಹೊಸದಲ್ಲ.

ಇನ್ನು 2020ರ ಪಟ್ಟಿ. ಯೋಗೇಶ್ವರ್ 2018ರಲ್ಲಿ ಚನ್ನಪಟ್ಟಣದಲ್ಲಿ ಸೋತವರು. ವಿಶ್ವನಾಥ್ ಜೆಡಿಎಸ್ ಬಿಟ್ಟು ಅನರ್ಹರಾಗಿ, 2019ರ ಡಿಸೆಂಬರಿನಲ್ಲಿ ಹುಣಸೂರು ಉಪಚುನಾವಣೆಯಲ್ಲಿ ಸೋತವರು. ವಿಶ್ವನಾಥ್ ಪುಸ್ತಕ ಬರೆದವರು, ನಿಜ. ಆದರೆ ಅವರು ಪರಿಷತ್ತಿಗೆ ಬಂದಿದ್ದು ಸಾಹಿತ್ಯ ಚರ್ಚೆಗೆ ಅಂತ ಹೇಳಿದರೆ ಅವರೇ ನಗುತ್ತಾರೆ.

ಆಮೇಲೆ ನಡೆದದ್ದು ಇನ್ನೂ ಮಜವಾಗಿದೆ. ಅನರ್ಹಗೊಂಡ ಶಾಸಕ ಮತ್ತೆ ಆಯ್ಕೆಯಾಗಿ ಬರುವವರೆಗೆ, ಇಲ್ಲವೇ ಆ ಅವಧಿ ಮುಗಿಯುವವರೆಗೆ ಮಂತ್ರಿ ಆಗುವಂತಿಲ್ಲ. ಪರಿಷತ್ತಿಗೆ ಬಂದೆನಲ್ಲ, ಇನ್ನೇನು ಅಂತ ವಿಶ್ವನಾಥ್ ಕಡೆಯವರ ವಾದ. ನಾಮನಿರ್ದೇಶನ ಬೇರೆ, ಆಯ್ಕೆ ಬೇರೆ ಅಂತ ಹೈಕೋರ್ಟ್ 2020ರ ನವೆಂಬರಿನಲ್ಲಿ ಹೇಳಿತು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅವರ ಹಾಗೇ ಅನರ್ಹರಾಗಿ, ಹೊಸಕೋಟೆಯಲ್ಲಿ ಸೋತ ಎಂ.ಟಿ.ಬಿ. ನಾಗರಾಜ್ ಮಾತ್ರ ಮಂತ್ರಿಯಾದರು. ಯಾಕೆ? ಅವರು ಶಾಸಕರ ಕೋಟಾದಿಂದ, ಅಂದರೆ ವಿಧಾನಸಭೆಯ ಶಾಸಕರು ಆರಿಸುವ ಪರಿಷತ್ ಸ್ಥಾನದಿಂದ ಬಂದವರು. ಆ ಚುನಾವಣೆ ಅವಿರೋಧ. ಒಂದು ಓಟೂ ಬಿದ್ದಿಲ್ಲ! ಆದರೂ ಅದು "ಆಯ್ಕೆ". ಕೋರ್ಟು ಹೇಳಿದ್ದು ಸರಿಯೇ, ನನಗೆ ತಕರಾರಿಲ್ಲ. ಆದರೆ ನಮ್ಮಲ್ಲಿ ಗೆಲುವು ಅಂದರೆ ಏನು ಅನ್ನುವುದನ್ನು ಒಮ್ಮೆ ಕೂತು ಯೋಚಿಸಬೇಕು ಅನ್ನಿಸುತ್ತದೆ, ಅಲ್ವಾ?

ಈ ಗದ್ದಲದಲ್ಲಿ ಶಾಂತಾರಾಮ ಸಿದ್ದಿ ಎಲ್ಲಿ? ಅವರಿಗೆ ಕೋರ್ಟಿಲ್ಲ, ಮಂತ್ರಿಗಿರಿಯ ಸುದ್ದಿ ಇಲ್ಲ, ಹಾಗಾಗಿ ಕ್ಯಾಮೆರಾನೂ ಇಲ್ಲ. ಯೋಗೇಶ್ವರ್ 2021ರ ಜನವರಿಯಲ್ಲಿ ಮಂತ್ರಿಯಾದರು. 2024ರ ಅಕ್ಟೋಬರಿನಲ್ಲಿ ಪರಿಷತ್ ಸ್ಥಾನ ಬಿಟ್ಟು ಕಾಂಗ್ರೆಸ್ ಸೇರಿ, ಮರುತಿಂಗಳೇ ಚನ್ನಪಟ್ಟಣ ಗೆದ್ದರು. ಅವರಿಗೆ ಪರಿಷತ್ತು ಒಂದು ಬಸ್ ಸ್ಟಾಪ್. ಬಸ್ ಬರುವವರೆಗೆ ನೆರಳು.

ಸಿದ್ದಿಯಂಥವರಿಗೆ ಅದೇ ಊರು. ಅವರಿಗೆ ಕ್ಷೇತ್ರ ಇಲ್ಲ. ಮನೆ ಮುಂದೆ ಕ್ಯೂ ನಿಲ್ಲುವ ಮತದಾರರಿಲ್ಲ, "ಮುಂದಿನ ಸಲ ನೋಡ್ಕೋತೀವಿ" ಅಂತ ಹೆದರಿಸುವವರೂ ಇಲ್ಲ. ಹೆದರಿಕೆ ಇಲ್ಲದಿದ್ದರೆ ಧೈರ್ಯವಾಗಿ ಮಾತಾಡಬಹುದಲ್ಲ ಅನ್ನುತ್ತೀರಿ. ಅರಣ್ಯ ಹಕ್ಕಿನ ಅರ್ಜಿಗಳ ಬಗ್ಗೆ ಇರಬಹುದು, ಹಾಡಿಗೆ ಹೋಗುವ ರಸ್ತೆ ಬಗ್ಗೆ ಇರಬಹುದು. ಆದರೆ ಓಟು ಕೊಟ್ಟವರು ಹಿಂದೆ ಇಲ್ಲದ ಮಾತಿಗೆ ಅಧಿಕಾರಿಗಳು ಎಷ್ಟು ಬೆಲೆ ಕೊಡುತ್ತಾರೆ ಅಂತ ನಮಗೆಲ್ಲ ಗೊತ್ತು. ಕೊನೆಗೆ ಹೆಸರಿಸಿದ ಪಕ್ಷವೇ ಅವರ ಕ್ಷೇತ್ರ ಆಗಿಬಿಡುತ್ತದೆ. ಪಕ್ಷವಿಲ್ಲದೆ ಬಂದ ನಾಮನಿರ್ದೇಶಿತರಿಗೆ ಕಾನೂನೇ 6 ತಿಂಗಳು ಕೊಡುತ್ತದೆ. ಅಷ್ಟರೊಳಗೆ ಪಕ್ಷ ಸೇರಬಹುದು, ತಡವಾಗಿ ಸೇರಿದರೆ ಸದಸ್ಯತ್ವ ಹೋಗುತ್ತದೆ. ಯಾರ ಕಡೆಯೂ ಅಲ್ಲದೆ ಉಳಿಯುವ ದಾರಿಯೂ ಇದೆ. ಅದನ್ನು ಹಿಡಿದವರು ಎಷ್ಟು ಜನ?

ಪರಿಷತ್ತೇ ಬೇಡ, ದಂಡ ಅನ್ನುವವರಿದ್ದಾರೆ. ಆ 2020ರ ಪಟ್ಟಿಯ ಅರ್ಧ ಓದಿದರೆ ನಾನೂ ಹಾಗೇ ಹೇಳುತ್ತೇನೆ. ಪೂರ್ತಿ ಓದಿದರೆ ಹೇಳಲು ಆಗುವುದಿಲ್ಲ. ಸೋತವರಿಗೆ ಬೇರೆ ದಾರಿಗಳು ಬೇಕಾದಷ್ಟಿವೆ, ನಿಗಮ ಮಂಡಳಿ ಇದೆ, ಶಾಸಕರ ಕೋಟಾ ಇದೆ, ಮುಂದಿನ ಚುನಾವಣೆ ಇದೆ. ಯಲ್ಲಾಪುರದ ಕಾಡಿನಿಂದ ವಿಧಾನಸೌಧಕ್ಕೆ ಈವರೆಗೆ ತೆರೆದಿದ್ದು ಇದೊಂದೇ.

ನನಗೆ ಬೇಕಾದ್ದು ಸಣ್ಣದು. ಪಟ್ಟಿಯ ಜೊತೆ ಒಂದೊಂದು ಪುಟ ಬರಲಿ. 171ನೇ ವಿಧಿ ಹೇಳುವ ಐದು ವಿಷಯಗಳಲ್ಲಿ ಯಾವುದಕ್ಕೆ, ಯಾವ ಕೆಲಸಕ್ಕೆ ಈ ಹೆಸರು ಅಂತ ಸರ್ಕಾರ ಬರೆದು ಎಲ್ಲರ ಮುಂದೆ ಇಡಲಿ. ಬರೆಯಲು ನಾಚಿಕೆ ಆಗುವ ಹೆಸರು ತಾನಾಗೇ ಬಿದ್ದುಹೋಗುತ್ತದೆ.

6 ವರ್ಷದ ಲೆಕ್ಕದಲ್ಲಿ ಆ ಪಟ್ಟಿಯ ಅವಧಿ 2026ರ ಜುಲೈವರೆಗೆ. ಸಿದ್ದಿ ಹೆಂಗಸರು ಹಳೇ ಸೀರೆ, ಅಂಗಿಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಒಂದೊಂದು ಹೂವು ಇಡುತ್ತಾರೆ, ಅದಿಲ್ಲದೆ ಕೌದಿ ಮುಗಿಯುವುದಿಲ್ಲ. 171ನೇ ವಿಧಿಯಲ್ಲಿ ಕಲೆ ಅನ್ನುವ ಮಾತು ಇದೆಯಲ್ಲ, ಆ ಪುಟದಲ್ಲಿ ಇಂಥ ಒಬ್ಬ ಹೆಂಗಸಿನ ಹೆಸರು ಬರೆದರೆ ಯಾವ ಕೋರ್ಟು ಬೇಡ ಅನ್ನುತ್ತದೆ ಹೇಳಿ?