27 ವಿದ್ಯಾರ್ಥಿಗಳು, ಒಂದು ಕ್ಲಾಸು, ಆರು ವರ್ಷ

(ತೆರೆಯ ಮೇಲೆ: ಪೆಸಿಫಿಕ್ ಸಾಗರದ ನಕ್ಷೆ. ನಿಧಾನವಾಗಿ ವನುವಾಟು ದ್ವೀಪಗಳ ಹತ್ತಿರ ಹೋಗುತ್ತದೆ.)

ನಮಸ್ಕಾರ. 2019ನೇ ಇಸವಿ. ವನುವಾಟು ಎಂಬ ಪುಟ್ಟ ದ್ವೀಪದೇಶ. ಯೂನಿವರ್ಸಿಟಿ ಆಫ್ ದಿ ಸೌತ್ ಪೆಸಿಫಿಕ್‌ನ ಲಾ ಕ್ಲಾಸು. ಹವಾಮಾನ ಬದಲಾವಣೆಗೆ ಕಾನೂನಿನಲ್ಲಿ ಯಾವ ದಾರಿ ಇದೆ ಎಂದು 27 ವಿದ್ಯಾರ್ಥಿಗಳು ತಲೆ ಕೆಡಿಸಿಕೊಂಡಿದ್ದರು. ಕೊನೆಗೆ ಆರಿಸಿದ್ದು ಎಲ್ಲಕ್ಕಿಂತ ದೊಡ್ಡ ಬಾಗಿಲನ್ನೇ. ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯ!

ಆದರೆ ವಿದ್ಯಾರ್ಥಿಗಳು ಸುಮ್ನೆ ಹೋಗಿ ಆ ಕೋರ್ಟಿನ ಬಾಗಿಲು ತಟ್ಟುವ ಹಾಗಿಲ್ಲ. ಸಲಹಾ ಅಭಿಪ್ರಾಯ ಬೇಕೆಂದರೆ ವಿಶ್ವಸಂಸ್ಥೆಯ ಮಹಾಸಭೆಯಂಥ ಸಂಸ್ಥೆಯೇ ಕೇಳಬೇಕು. ಮಹಾಸಭೆ ಕೇಳಬೇಕಾದರೆ ಯಾವುದಾದರೂ ದೇಶ ವಿಷಯ ಎತ್ತಬೇಕು. ಹಾಗಾಗಿ ಇವರು ದ್ವೀಪದೇಶಗಳ ನಾಯಕರಿಗೆ ಪತ್ರ ಬರೆದರು. ವನುವಾಟು ಸರ್ಕಾರ ಕೈಜೋಡಿಸಿತು. 2023ರ ಮಾರ್ಚ್ 29ರಂದು ಮಹಾಸಭೆ ಮತಕ್ಕೆ ಹಾಕದೆ, ಒಮ್ಮತದಿಂದಲೇ ನಿರ್ಣಯ ಒಪ್ಪಿತು. 2025ರ ಜುಲೈ 23ರಂದು 15 ನ್ಯಾಯಾಧೀಶರೂ ಒಂದೇ ದನಿಯಲ್ಲಿ ಹೇಳಿದರು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ.

ಇದು ಸಲಹೆ ಮಾತ್ರ, ಆದೇಶ ಅಲ್ಲ. ಅದು ನಿಜ. ಆದರೆ ನನಗೆ ತೀರ್ಪಿಗಿಂತ ಆ ಆರು ವರ್ಷವೇ ಜಾಸ್ತಿ ಕುತೂಹಲ ಹುಟ್ಟಿಸುತ್ತದೆ. ಡಿಗ್ರಿ ಮುಗಿಯೋದು ಮೂರ್ನಾಲ್ಕು ವರ್ಷದಲ್ಲಿ, ಅಲ್ವಾ? ತೀರ್ಪು ಬರುವಷ್ಟರಲ್ಲಿ ಆ ಕ್ಲಾಸು ಚದುರಿ ಎಷ್ಟೋ ಕಾಲವಾಗಿತ್ತು. ಕೆಲಸ ಮಾತ್ರ ನಿಲ್ಲಲಿಲ್ಲ.

ಕ್ಯಾಂಪಸ್ ಗುಂಪುಗಳಲ್ಲಿ ಇದ್ದವರಿಗೆ ಗೊತ್ತು, ಸೀನಿಯರ್ ಪಾಸಾಗಿ ಹೊರಟರೆ ಇಮೇಲ್ ಪಾಸ್‌ವರ್ಡ್ ಕೂಡ ಅವರ ಜೊತೆಗೇ ಹೊರಟುಬಿಡುತ್ತದೆ. ಮುಂದಿನ ಬ್ಯಾಚ್ ಮತ್ತೆ ಪೋಸ್ಟರ್‌ನಿಂದ ಶುರು. ಹಾರ್ವರ್ಡ್‌ನಲ್ಲಿ ಕಲ್ಲಿದ್ದಲು, ತೈಲ ಕಂಪನಿಗಳಿಂದ ಹಣ ವಾಪಸ್ ತೆಗೆಯಿರಿ ಎಂದು ವಿದ್ಯಾರ್ಥಿಗಳು ಪಟ್ಟು ಹಿಡಿದದ್ದು 2012ರಲ್ಲಿ. ವಿಶ್ವವಿದ್ಯಾಲಯ ಒಪ್ಪಿದ್ದು 2021ರಲ್ಲಿ. ನಡುವೆ ಎಷ್ಟು ಬ್ಯಾಚ್ ಬದಲಾಗಿರಬೇಕು ಲೆಕ್ಕ ಹಾಕಿ.

(ತೆರೆಯ ಮೇಲೆ: ಲ್ಯಾಬಿನ ಫ್ಯೂಮ್ ಹುಡ್. ಗಾಜಿನ ಬಾಗಿಲು ಅರ್ಧ ತೆರೆದಿದೆ.)

ಸರಿ, ಎಲ್ಲರೂ ಹೇಗ್‌ಗೆ ಹೋಗಲು ಆಗುತ್ತಾ? ಬೇಡ. ಲ್ಯಾಬಿಗೆ ಬನ್ನಿ. ಇದು ಫ್ಯೂಮ್ ಹುಡ್. ರಾಸಾಯನಿಕಗಳ ಹೊಗೆಯನ್ನು ಹೊರಗೆ ಎಳೆದು ಹಾಕುತ್ತದೆ. ಹೊಗೆಯ ಜೊತೆ ಏಸಿ ತಂಪು ಮಾಡಿದ ಗಾಳಿಯನ್ನೂ ಎಳೆಯುತ್ತದೆ! ಗಾಳಿಯ ವೇಗ ತಾನಾಗಿ ಹೊಂದಿಕೊಳ್ಳುವ ಹುಡ್ ಆದರೆ, ಕೆಲಸ ಮುಗಿದ ಮೇಲೆ ಗಾಜು ಕೆಳಗಿಳಿಸಿದರೆ ಸಾಕು, ಕರೆಂಟ್ ಉಳಿಯುತ್ತದೆ. ಪಕ್ಕದಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್ ಇದೆ. ಮಾದರಿಗಳಿಗೆ ತೊಂದರೆ ಇಲ್ಲ ಅಂದರೆ ಮೈನಸ್ 70ಕ್ಕೆ ತಂದರೂ ವಿದ್ಯುತ್ ಬಳಕೆ ಗಣನೀಯವಾಗಿ ಇಳಿಯುತ್ತದೆ.

ಇದಕ್ಕೂ ಸರ್ಕಾರದ ಪಾಲಿಸಿಗೂ ಏನು ಸಂಬಂಧ ಅಂತೀರಾ? ಇಲ್ಲೇ ಇರೋದು ವಿಷಯ.

ಕ್ಯಾಂಪಸ್ಸಿನ ಚಾವಣಿ ತುಂಬ ಸೋಲಾರ್ ಹಾಕಿದ್ದೀರಿ ಅಂದುಕೊಳ್ಳಿ. ರಜೆ ಬಂತು. ಹಾಸ್ಟೆಲ್ ಖಾಲಿ, ಕ್ಲಾಸು ಖಾಲಿ. ಸೂರ್ಯನಿಗೆ ರಜೆ ಇಲ್ಲ. ಮಧ್ಯಾಹ್ನ ಹುಟ್ಟಿದ ಕರೆಂಟ್ ಬಳಸುವವರಿಲ್ಲದೆ ಗ್ರಿಡ್‌ಗೆ ಹೋಗುತ್ತದೆ. ಹೋದ ಪ್ರತಿ ಯೂನಿಟ್ಟಿಗೆ ಬಿಲ್ಲಿನಲ್ಲಿ ಎಷ್ಟು ಕಡಿತ? ಎಷ್ಟು ಕಿಲೋವ್ಯಾಟ್‌ವರೆಗೆ ಪ್ಯಾನೆಲ್ ಹಾಕಬಹುದು? ಉಳಿದ ಯೂನಿಟ್ ಮುಂದಿನ ತಿಂಗಳಿಗೆ ಸೇರುತ್ತದೋ, ಸುಮ್ನೆ ಕಳೆದುಹೋಗುತ್ತದೋ? ಪ್ಯಾನೆಲ್‌ಗೆ ಹಾಕಿದ ದುಡ್ಡು ಐದು ವರ್ಷಕ್ಕೆ ಬರುತ್ತದೋ ಹನ್ನೆರಡು ವರ್ಷಕ್ಕೋ ಎಂಬುದು ಈ ನಿಯಮಗಳ ಮೇಲೆ ನಿಂತಿದೆ. ಬಿಸಿಲಿನ ಮೇಲಷ್ಟೇ ಅಲ್ಲ.

ಇಂಥ ನಿಯಮ ಬದಲಾಗುವ ಮುಂಚೆ ಎಷ್ಟೋ ಕಡೆ ಕರಡು ಹೊರಬರುತ್ತದೆ. ಆಕ್ಷೇಪಣೆ ಹೇಳಲು ಒಂದಷ್ಟು ದಿನ ಕೊಡುತ್ತಾರೆ. ಆ ಕಡತದ ಕಡೆ ಹೆಚ್ಚಿನವರು ತಲೆ ಹಾಕುವುದೇ ಇಲ್ಲ. ಬೋರು ಹೊಡೆಸುವ ಭಾಷೆ, ನೂರಾರು ಪುಟ. ಅಲ್ಲಿ "ಭೂಮಿ ಉಳಿಸಿ" ಎಂದು ಬರೆದರೆ ಅಧಿಕಾರಿ ಅದನ್ನಿಟ್ಟುಕೊಂಡು ಏನು ಮಾಡಬೇಕು? "ನಮ್ಮ ಒಂದು ವರ್ಷದ ಗಂಟೆವಾರು ಮೀಟರ್ ಲೆಕ್ಕ ಲಗತ್ತಿಸಿದ್ದೇವೆ. ಮೂರನೇ ಕಲಮು ಹೀಗೇ ಉಳಿದರೆ ರಜೆ ತಿಂಗಳ ಸೋಲಾರ್ ವ್ಯರ್ಥವಾಗುತ್ತದೆ" ಎಂದು ಬರೆದರೆ ಅವರು ಉತ್ತರ ಹುಡುಕಬೇಕಾಗುತ್ತದೆ. ವಿದ್ಯಾರ್ಥಿಗಳ ಹತ್ತಿರ ಇರುವ ನಿಜವಾದ ಬಂಡವಾಳ ಇದೇ. ಲ್ಯಾಬ್ ಇದೆ, ಲೆಕ್ಕ ಗೊತ್ತು, ಪ್ರಾಜೆಕ್ಟ್ ಹೇಗೂ ಮಾಡಲೇಬೇಕು.

ವಿಶ್ವಸಂಸ್ಥೆಯ ಹವಾಮಾನ ಮಾತುಕತೆಯಲ್ಲಿ ಯುವಜನರಿಗೆ ಯಂಗೋ ಎಂಬ ಅಧಿಕೃತ ವೇದಿಕೆಯೂ ಇದೆ. ಒಳ್ಳೆಯದೇ. ಆದರೆ ಯುವಕರನ್ನು ವೇದಿಕೆಗೆ ಕರೆದು ಎರಡು ನಿಮಿಷ ಮಾತಾಡಿಸಿ ಫೋಟೋ ತೆಗೆಯುವ ಚಟ ಎಲ್ಲ ಕಡೆ ಇದೆ. ಫೋಟೋಗೆ ನಿಲ್ಲಿ, ಬೇಡ ಅನ್ನಲ್ಲ. ಕೈಯಲ್ಲಿ ಮೀಟರ್ ಲೆಕ್ಕದ ಹಾಳೆ ಇರಲಿ.

(ತೆರೆಯ ಮೇಲೆ: ಮೀಟರ್ ರೂಮಿನ ಬಾಗಿಲು, ಅದಕ್ಕೊಂದು ಬೀಗ.)

ಕೀಲಿ ಸಾಮಾನ್ಯವಾಗಿ ಎಲೆಕ್ಟ್ರಿಷಿಯನ್ ಹತ್ತಿರ ಇರುತ್ತದೆ. ಕೇಳಿ ನೋಡಿ, ತೋರಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಎಲ್ಲ ಮಲಗಿದ ಮೇಲೆ ಎಷ್ಟು ಲೋಡ್ ಓಡುತ್ತಿದೆ ಬರೆದುಕೊಳ್ಳಿ. ಹೋಗುವಾಗ ಫಸ್ಟ್ ಇಯರ್‌ನ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.